ಅರ್ಥಶಾಸ್ತ್ರದ ಪಾಠ ಮತ್ತು ಸಂತೆಯ ಪಾಠ

ವ್ಯಾಕರಣ, ಅಲಂಕಾರಗಳನ್ನು ಬೋಧಿಸುವ ಕನ್ನಡ ಪಂಡಿತನಿಗೆ ಅರ್ಥಶಾಸ್ತ್ರದ ಬೋಧನಾಕ್ರಮವನ್ನು ಕುರಿತು ಬರೆಯಲು ಯಾವ ಅಧಿಕಾರವೆಂದು ವಾಚಕರು ಕೇಳಬಹುದು. ಅಧಿಕಾರವಿಲ್ಲ, ಕಳಕಳಿಯುಂಟು. ನಮ್ಮ ಶಾಲೆಯಿಂದ ಹೊರಟ ಮಕ್ಕಳಲ್ಲಿ ಅನೇಕರು ಕಾಲೇಜಿನ ಮೊದಲ ವರ್ಷದಲ್ಲಿ ಈ ಶಾಸ್ತ್ರವನ್ನು ಕನ್ನಡದಲ್ಲಿಯೇ ಓದುತ್ತಾರೆ. ತೊಡಕಿನ ಪದಗಳನ್ನು ಹಿಡಿದು ನನ್ನ ಬಳಿಗೆ ಬರುತ್ತಾರೆ. 'ಸೀಮಾಂತ ತುಷ್ಟಿಗುಣ'ವೆಂಬುದನ್ನು ನಾನು ಬಿಡಿಸಿ ಹೇಳಬಲ್ಲೆ. ಆದರೆ ಹಸಿದವನಿಗೆ ಮೊದಲ ಬಾಳೆಹಣ್ಣು ಕೊಟ್ಟ ತೃಪ್ತಿಯನ್ನು ನಾಲ್ಕನೆಯದು ಕೊಡದೆಂಬ ತಿಳಿವು ವಿಗ್ರಹವಾಕ್ಯದಿಂದ ಬಾರದು. ತರಗತಿಗೆ ಒಂದು ಚಿಪ್ಪು ಹಣ್ಣು ತಂದರೆ ಬಂದೀತು.

ಕಪಿಲೆಯ ಬಯಲಿನ ಈ ಮಕ್ಕಳು ಭೂಮಿ, ಶ್ರಮ, ಬಂಡವಾಳ, ಸಂಘಟನೆ ಎಂದು ಉತ್ಪಾದನಾಂಗಗಳನ್ನು ತಡವರಿಸದೆ ಒಪ್ಪಿಸುತ್ತಾರೆ. ತಾಂಡ್ಯದ ಕೈಗಾರಿಕಾ ಪ್ರದೇಶವನ್ನು ದಿನವೂ ಕಾಣುವವರು ಇವರು. ಹೊಲವು ಕಾರ್ಖಾನೆಯ ನಿವೇಶನವಾದರೆ ಮನೆಗೆ ಬರುವುದೇನು, ಕೈಬಿಡುವುದೇನು ಎಂಬ ಲೆಕ್ಕವೇ 'ಅವಕಾಶ ವೆಚ್ಚ'ವೆಂದು ಅವರಿಗೆ ಹೊಳೆಯದಿದ್ದರೆ ಆ ಓದಿನಿಂದ ಆದ ಲಾಭವಾವುದು?

ಅಮೆರಿಕದ ಹಾರ್ವರ್ಡಿನಲ್ಲಿ ಎಡ್ವರ್ಡ್ ಚೇಂಬರ್ಲಿನ್ ಎಂಬ ಪ್ರಾಧ್ಯಾಪಕರು ತರಗತಿಯಲ್ಲಿಯೇ ಸಂತೆ ಕಟ್ಟಿದ ವೃತ್ತಾಂತವನ್ನು 1948ರಲ್ಲಿ ಪ್ರಕಟಿಸಿದರು. ಕೆಲವರು ಮಾರುವವರು, ಕೆಲವರು ಕೊಳ್ಳುವವರು. ಪ್ರತಿಯೊಬ್ಬರ ಚೀಟಿಯಲ್ಲಿಯೂ ಮೀರಬಾರದ ಒಂದು ಬೆಲೆ. ಆ ಆಟದಲ್ಲಿ ಕುಳಿತಿದ್ದ ಶಿಷ್ಯ ವರ್ನನ್ ಸ್ಮಿತ್ ಮುಂದೆ ಅದನ್ನು ತಿದ್ದಿ, ಬೆಲೆಗಳನ್ನು ಎಲ್ಲರಿಗೂ ಕೇಳುವಂತೆ ಕೂಗಿಸಿ, ಹಲವು ಸರದಿ ಆಡಿಸಿ, 1962ರಲ್ಲಿ ಫಲವನ್ನು ಪ್ರಕಟಿಸಿದರು. ಸರದಿ ಕಳೆದಂತೆ ಬೆಲೆಯು ಸಮತೋಲನದತ್ತ ಸರಿದಿತ್ತು. 2002ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವೂ ಸಂದಿತು. ಇಷ್ಟಕ್ಕೆ ಬೇಕಾದುದು ರಟ್ಟಿನ ಚೀಟಿಗಳು ಮತ್ತು ಒಂದು ಗಂಟೆಯ ಕಾಲ.

ನಮ್ಮಲ್ಲಿ ಇದಕ್ಕಿಂತ ರಸವತ್ತಾದ ಪ್ರಶ್ನೆಯೇ ಇದೆ. ಪದಾರ್ಥ ಅಪರೂಪವಾದರೆ ಬೆಲೆ ಏರುವುದು, ಬೆಲೆ ಏರಿದರೆ ಪೂರೈಕೆ ಹೆಚ್ಚುವುದು ಎನ್ನುತ್ತದೆ ಪುಸ್ತಕ. ಹಾಗಿದ್ದರೆ ನಂಜನಗೂಡಿನ ರಸಬಾಳೆಯ ತೋಟಗಳು ಕರಗಿದುದೇಕೆ? ಮಣ್ಣಿನಲ್ಲಿ ಉಳಿಯುವ ಪನಾಮಾ ಸೊರಗು ರೋಗಕ್ಕೆ ಬೆಲೆಯ ಆಸೆಯೊಂದೇ ಮದ್ದಾಗದು. ನೆಟ್ಟ ಗಿಡ ಗೊನೆ ಬಿಡುವ ಭರವಸೆಯಿಲ್ಲದೆ ರೈತನು ಬೇರೆ ಬೆಳೆಗೆ ತಿರುಗುತ್ತಾನೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತರೂ ಈ ಕಷ್ಟ ತಾನಾಗಿ ನೀಗಲಿಲ್ಲ. ಇದನ್ನು ವಿದ್ಯಾರ್ಥಿಗಳು ಬೆಳೆಗಾರರನ್ನೇ ಕೇಳಿ, ತರಗತಿಗೆ ಬಂದು ವಾದಿಸಬೇಕು.

ವಾದವೆಂದೊಡನೆ ಇದು ಪರದೇಶದ ಪದ್ಧತಿಯೆಂದು ಹಿರಿಯರು ಹುಬ್ಬೇರಿಸಬೇಕಾಗಿಲ್ಲ. ನಮ್ಮ ಪಾಠಶಾಲೆಗಳ ವಾಕ್ಯಾರ್ಥಗೋಷ್ಠಿಯಲ್ಲಿ ಪೂರ್ವಪಕ್ಷವನ್ನು ಹಿಡಿದು ಹೋರಾಡದವನಿಗೆ ಸಿದ್ಧಾಂತ ದಕ್ಕುತ್ತಿರಲಿಲ್ಲ. ಕಂಠಪಾಠವನ್ನು ಹಳಿಯುವವನು ನಾನಲ್ಲ; ಅಮರಕೋಶ ಬಾಯಿಗೆ ಬಾರದವನು ಕಾವ್ಯದಲ್ಲಿ ಹೆಜ್ಜೆಹೆಜ್ಜೆಗೂ ಎಡವುತ್ತಾನೆ. ಕಂಠಸ್ಥವಾದುದನ್ನು ಪ್ರಯೋಗಿಸಲು ಎಡೆಯೇ ಇಲ್ಲದಿರುವುದು ಇಂದಿನ ಕೊರತೆ. ಆಡಿಸಿ, ನಗಿಸಿ, ಆಟದ ಅನಂತರ ವಿಚಾರ ಮಾಡಿಸದೆ ಬಿಡುವ ಅಧ್ಯಾಪಕನೂ ಪಾಠ ಮಾಡಿದಂತಾಗದು. ಅದು ಬರಿಯ ತಮಾಷೆ.

ಪರೀಕ್ಷೆಯು ವ್ಯಾಖ್ಯೆಗಳನ್ನೇ ಕೇಳುತ್ತದೆ, ಕೊಠಡಿಯಲ್ಲಿ ವಿದ್ಯಾರ್ಥಿಗಳು ಕಿಕ್ಕಿರಿದಿದ್ದಾರೆ ಎಂಬ ಅಧ್ಯಾಪಕಮಿತ್ರರ ಮಾತು ಸತ್ಯ. ಆದರೂ ತಿಂಗಳಿಗೆ ಎರಡು ಗಂಟೆ ದೊರೆಯದಷ್ಟು ಬಡತನ ಕಾಲಕ್ಕೆ ಬಂದಿಲ್ಲ. ದಾನಿಗಳಲ್ಲಿ ನನ್ನ ಬಿನ್ನಹವಿಷ್ಟೆ: ಗೋಡೆಗಳು ಸಾಕಷ್ಟಿವೆ. ಸಂತೆಗೂ ತೋಟಕ್ಕೂ ಹೋಗಿಬರುವ ಬಸ್ಸಿನ ಖರ್ಚನ್ನು, ಇಂತಹ ಅಭ್ಯಾಸಗಳ ಒಂದು ಕನ್ನಡ ಕೈಪಿಡಿಯ ಮುದ್ರಣವನ್ನು ವಹಿಸಿಕೊಳ್ಳಲಿ. ಕೈಪಿಡಿಯ ಭಾಷೆಯನ್ನು ತಿದ್ದಿಕೊಡುವ ಕೆಲಸ ನನ್ನದು.