ಇಬ್ಬರು ರೈಡರ್‌ಗಳನ್ನ ತೂಗುವ ಮುಂಚೆ ತಕ್ಕಡಿ ತೋರಿಸಿ



ಪೋಸ್ಟ್ ಉದ್ದ ಇದೆ. ಬಿಡುವು ಮಾಡ್ಕೊಂಡು ಪೂರ್ತಿ ಓದಿ. ಓದಿದ ಮೇಲೆ ಬೈಯೋರು ಧಾರಾಳವಾಗಿ ಬೈಯಬಹುದು.

ಹೋದ ವಾರದಿಂದ ನಮ್ಮ ಕಡೆ ಕಬಡ್ಡಿ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದೇ ಚರ್ಚೆ. ಇಬ್ಬರು ಹುಡುಗರ ಫೋಟೋ ಅಕ್ಕಪಕ್ಕ ಹಾಕಿ, "ಇವರಿಬ್ಬರಲ್ಲಿ ಪ್ರೊ ಕಬಡ್ಡಿಗೆ ಹೋಗೋ ರೈಡರ್ ಯಾರು?" ಅಂತ ಕೇಳಿದ್ದಾರೆ. ಒಬ್ಬ ಊರೊಳಗಿನ ಹುಡುಗ, ಇನ್ನೊಬ್ಬ ನಮ್ಮ ಕಾಲೋನಿ ಹುಡುಗ. ಇಬ್ಬರೂ ಒಂದೇ ಟೀಮು, ಒಂದೇ ಕಾಲೇಜು, ವಯಸ್ಸೂ ಹೆಚ್ಚು ಕಮ್ಮಿ ಒಂದೇ. ಹೆಸರು ಬೇಡ. ಇಬ್ಬರೂ ಮುಂದೆ ಬಾಳಿ ಬದುಕಬೇಕಾದ ಮಕ್ಕಳು.

ಕೆಳಗಡೆ ಬಂದ ಉತ್ತರ ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. "ಕಾಲೋನಿ ಹುಡುಗ ಚೆನ್ನಾಗಿ ಆಡ್ತಾನೆ, ಆದ್ರೆ ಬಾಡಿ ಇಲ್ಲ." "ಶಿಸ್ತು ಸಾಲದು." "ಪ್ರೆಶರ್ ತಡೆಯಲ್ಲ." ಒಬ್ಬ ಮಹಾಶಯರಂತೂ "ಇದು ಹರಾಜು, ಮೀಸಲಾತಿ ಅಲ್ಲ" ಅಂತ ಬರೆದು ನಗುವ ಬೊಂಬೆ ಬೇರೆ ಹಾಕಿದ್ದಾರೆ.

ಸ್ವಾಮಿ, ಹೋಲಿಕೆ ಮಾಡಬೇಡಿ ಅಂತ ನಾನು ಹೇಳ್ತಿಲ್ಲ. ಮಾಡಿ. ಆಟ ಅಂದ ಮೇಲೆ ಹೋಲಿಕೆ ಇದ್ದೇ ಇರುತ್ತೆ. ಆದ್ರೆ ಏನನ್ನ ಹೋಲಿಸ್ತಿದೀರಿ ಅನ್ನೋದನ್ನ ಒಂದ್ಸಲ ನೋಡ್ಕೊಳ್ಳಿ.

ನಾನು ಆಫೀಸಿನ ಗುಮಾಸ್ತ. ಲೆಕ್ಕ ಬರೆಯೋದು ನನ್ನ ಹೊಟ್ಟೆಪಾಡು. ಹಬ್ಬದ ಟೂರ್ನಿಯಲ್ಲಿ ಈ ಟೀಮಿನ ಮೂರು ಪಂದ್ಯ ಕೂತು ನೋಡಿದೆ, ಅಭ್ಯಾಸ ಬಲ, ಡೈರಿಯಲ್ಲಿ ಬರ್ಕೊಂಡೆ. ಊರ ಹುಡುಗ 48 ರೈಡ್ ಮಾಡಿ 24 ಪಾಯಿಂಟ್ ತಂದ. ಅದರಲ್ಲಿ 13 ಬೋನಸ್. ನಮ್ಮ ಹುಡುಗ ಮಾಡಿದ್ದು 16 ರೈಡ್, ತಂದದ್ದು 11 ಪಾಯಿಂಟ್, ಬೋನಸ್ ಒಂದೇ ಒಂದು.

ನೀವು ಗ್ರೂಪಿನಲ್ಲಿ ಹಾಕಿದ್ದು 24 ಮತ್ತು 11. ಅಷ್ಟೇ ನೋಡಿದ್ರೆ ತೀರ್ಪು ಸುಲಭ. ಈಗ ರೈಡಿಗೆ ಎಷ್ಟು ಅಂತ ಭಾಗಿಸಿ. ಅವನದು ಅರ್ಧ ಪಾಯಿಂಟ್. ಇವನದು ಮುಕ್ಕಾಲಿಗೆ ಹತ್ತಿರ.

ಇನ್ನೊಂದು ಲೆಕ್ಕ ಬಾಕಿ ಇದೆ. ನಮ್ಮ ಹುಡುಗನ 16 ರೈಡಲ್ಲಿ 11 ರೈಡು "ಮಾಡು ಇಲ್ಲವೇ ಮಡಿ". ಗೊತ್ತಿಲ್ಲದವರಿಗೆ ಹೇಳ್ತೀನಿ. ಒಂದು ಟೀಮಿನ ಎರಡು ರೈಡ್ ಸತತವಾಗಿ ಖಾಲಿ ಹೋದ್ರೆ, ಮೂರನೇ ರೈಡಿಗೆ ಹೋದವನು ಪಾಯಿಂಟ್ ತರಲೇಬೇಕು. ಬರಿಗೈಲಿ ಬಂದ್ರೂ ಔಟ್. ಎದುರು ಟೀಮಿಗೂ ಇದು ಗೊತ್ತು, ಹಿಂದೆ ಸರಿದು ಬಲೆ ಹಾಸಿಕೊಂಡು ಕಾಯ್ತಾರೆ. ಮೊದಲ ಎರಡು ರೈಡಿಗೆ ಊರ ಹುಡುಗ ಹೋಗ್ತಾನೆ. ಏಳೂ ಜನ ನಿಂತಿರ್ತಾರೆ, ಬೋನಸ್ ಗೆರೆ ತುಳಿದು ಬರ್ತಾನೆ, ಚಪ್ಪಾಳೆ. ಸಿಗಲಿಲ್ಲ ಅಂದ್ರೆ ಸುಮ್ಮನೆ ವಾಪಸ್ ಬರ್ತಾನೆ, ಯಾರೂ ಏನೂ ಕೇಳಲ್ಲ. ಎರಡು ಖಾಲಿ ಆದ ಮೇಲೆ, "ಲೇ, ನೀನು ಹೋಗೋ" ಅಂತ ನಮ್ಮವನನ್ನ ತಳ್ತಾರೆ. ಸಿಕ್ಕಿಬಿದ್ದರೆ, "ನೋಡಿ, ಪ್ರೆಶರ್ ತಡೆಯಲ್ಲ!"

ಪ್ರೆಶರ್ ಇರೋ ರೈಡೆಲ್ಲ ಅವನೊಬ್ಬನ ಪಾಲಿಗೆ ಹಾಕಿ, ಪ್ರೆಶರ್ ತಡೆಯಲ್ಲ ಅಂತೀರಲ್ಲ, ಇದು ಯಾವ ನ್ಯಾಯ? ಊರಿನ ಕಷ್ಟದ ಕೆಲಸ ಕಾಲೋನಿಗೆ, ಹೆಸರು ಊರಿಗೆ. ಹೊಲದಲ್ಲಿ ನೋಡಿದ್ದೆ, ಮೋರಿಯಲ್ಲಿ ನೋಡಿದ್ದೆ. ಕಬಡ್ಡಿ ಅಂಕಣದಲ್ಲೂ ಅದೇ ನೋಡ್ತಿದೀನಿ.

ಅವಕಾಶ ಕೊಟ್ರೆ ಏನಾಗುತ್ತೆ ಅನ್ನೋದಕ್ಕೆ ನಾನು ಕಾಲೋನಿ ಹುಡುಗನ ಉದಾಹರಣೆ ಕೊಡಲ್ಲ. ನೀವು ಡಿಪಿ ಹಾಕ್ಕೊಂಡಿರೋ ಪವನ್ ಸೆಹ್ರಾವತ್ ಉದಾಹರಣೆನೇ ಕೊಡ್ತೀನಿ. 2017ರಲ್ಲಿ ಗುಜರಾತ್ ತಂಡದಲ್ಲಿದ್ದಾಗ ಆತನಿಗೆ ಸಿಕ್ಕ ರೈಡೇ ಕಮ್ಮಿ. ಆ ವರ್ಷದ ಅಂಕಿ ಮಾತ್ರ ನೋಡಿದ್ರೆ "ಇವನ ಕೈಲಿ ಆಗಲ್ಲ" ಅಂತ ನೀವೂ ಬರೀತಿದ್ರಿ. 2018ರಲ್ಲಿ ಬೆಂಗಳೂರು ಬುಲ್ಸ್ ಆತನನ್ನ ಮುಖ್ಯ ರೈಡರ್ ಮಾಡಿತು. ಒಂದೇ ಸೀಸನ್ನಲ್ಲಿ 271 ರೈಡ್ ಪಾಯಿಂಟ್. 2019ರ ಜನವರಿ 5ರಂದು ಫೈನಲ್. ಎದುರಿಗೆ ಅದೇ ಗುಜರಾತ್. ಪವನ್ ಒಬ್ಬನೇ 22 ಪಾಯಿಂಟ್ ತಂದ, ಬುಲ್ಸ್ 38-33ರಲ್ಲಿ ಗೆದ್ದಿತು. 2023ರ ಹರಾಜಿನಲ್ಲಿ ತೆಲುಗು ಟೈಟಾನ್ಸ್ ಆತನಿಗೆ ಕೊಟ್ಟದ್ದು 2 ಕೋಟಿ 60 ಲಕ್ಷದ ಮೇಲೆ. ಆಟಗಾರ ಅದೇ. ಕಾಲು ಅವೇ. ಬದಲಾದದ್ದು ಸಿಕ್ಕ ರೈಡಿನ ಸಂಖ್ಯೆ.

ಇನ್ನು "ಬಾಡಿ ಇಲ್ಲ" ಅನ್ನೋ ಮಾತು. ನಮ್ಮ ತಾತ ಜೀತಕ್ಕಿದ್ದವರು. ಆಳು ಗೊತ್ತು ಮಾಡೋವಾಗ ರಟ್ಟೆ ಮುಟ್ಟಿ ನೋಡ್ತಿದ್ರಂತೆ. ಈಗ ಆಟದ ಹೆಸರಲ್ಲಿ ಮತ್ತೆ ರಟ್ಟೆ ನೋಡ್ತಿದೀರಿ. ನೋಡಿ, ತಪ್ಪಿಲ್ಲ, ಆಟಕ್ಕೆ ರಟ್ಟೆ ಬೇಕು. ಆದ್ರೆ ರಟ್ಟೆ ಗಾಳಿ ಕುಡಿದು ಬೆಳೆಯಲ್ಲ. ಆ ಹುಡುಗ ಬೆಳಿಗ್ಗೆ ಐದಕ್ಕೆ ಎದ್ದು ಗುಲಾಬಿ ತೋಟದಲ್ಲಿ ಹೂವು ಬಿಡಿಸಿ ಕಾಲೇಜಿಗೆ ಹೋಗ್ತಾನೆ. ದ್ರಾಕ್ಷಿ ಸೀಸನ್ನಲ್ಲಿ ಕ್ರೇಟ್ ಹೊರ್ತಾನೆ. ಶನಿವಾರ ರಾತ್ರಿ ಬೆಂಗಳೂರಿಂದ ನಮ್ಮ ಕಳವಾರ ಬೆಟ್ಟ ಹತ್ತೋಕೆ ಬರ್ತಾರಲ್ಲ, ಅವರೆಲ್ಲ ಸ್ಕಂದಗಿರಿ ಅಂತಾರೆ, ಅವರು ಏದುಸಿರು ಬಿಡೋ ಜಾಗದಲ್ಲಿ ಇವನು ಬೆಳಗಿನ ಜಾವ ಓಡಿ ಹತ್ತಿ ಓಡಿ ಇಳೀತಾನೆ. ದಮ್ಮಿಗೆ ಕೊರತೆ ಇಲ್ಲ, ಕೊರತೆ ಇರೋದು ತಟ್ಟೆಯಲ್ಲಿ. ದಿನಾ ಎರಡು ಮೊಟ್ಟೆ, ಒಂದು ಲೋಟ ಹಾಲು, ವಾರಕ್ಕೆರಡು ಸಲ ಬಾಡು ಒಂದು ವರ್ಷ ಕೊಟ್ಟು ನೋಡಿ, ಆಮೇಲೆ ತಕ್ಕಡಿ ತನ್ನಿ.

ಈಗ ಸ್ವಲ್ಪ ದೂರ ಹೋಗಿ ಬರೋಣ. ನಮ್ಮಕ್ಕನ ಮಗ ಬೆಂಗಳೂರಲ್ಲಿ ಅಮೆರಿಕದ ಕಂಪನಿಗೆ ನೈಟ್ ಶಿಫ್ಟ್ ಮಾಡ್ತಾನೆ. ನಿಮ್ಮ ಈ ಚರ್ಚೆ ತೋರಿಸಿದೆ. "ಮಾವ, ಅಮೆರಿಕದಲ್ಲೂ ಪ್ರತಿ ವರ್ಷ ಇದೇ ಕಥೆ" ಅಂದ. ಅಲ್ಲಿನ ಫುಟ್ಬಾಲ್ ಬೇರೆ. ಚೆಂಡನ್ನ ಕಂಕುಳಲ್ಲಿ ಒತ್ತಿಕೊಂಡು ಎದುರಿನ ಹನ್ನೊಂದು ಜನರ ಮಧ್ಯೆ ನುಗ್ಗಬೇಕು. ಹಾಗೆ ನುಗ್ಗೋನು ರನ್ನಿಂಗ್ ಬ್ಯಾಕ್. ನಮ್ಮ ರೈಡರ್‌ಗೆ ಅಣ್ಣ ಅಂದ್ಕೊಳ್ಳಿ. ಕಾಲೇಜಿನಲ್ಲಿ ಆಡೋ ಹುಡುಗರನ್ನ ದೊಡ್ಡ ತಂಡಗಳು ಸರದಿ ಪ್ರಕಾರ ಆರಿಸ್ಕೊಳ್ತವೆ, 1936ರಿಂದ ನಡೀತಿದೆ, ಅದಕ್ಕೆ ಡ್ರಾಫ್ಟ್ ಅಂತಾರೆ. ಈಗೀಗ ಆರಿಸೋ ಮುಂಚೆ 40 ಗಜ ಓಡಿಸಿ ಸೆಕೆಂಡಿನ ನೂರನೇ ಭಾಗದವರೆಗೆ ಅಳೀತಾರೆ. ತೂಕ, ಎತ್ತರ, ಜಿಗಿತ ಎಲ್ಲಾ ಬರ್ಕೊಳ್ತಾರೆ. ಒಟ್ಟು ಎಷ್ಟು ಗಜ ಓಡಿದ ಅನ್ನೋದರ ಜೊತೆ, ಚೆಂಡು ಕೊಟ್ಟಾಗಲೆಲ್ಲ ಸರಾಸರಿ ಎಷ್ಟು ಗಜ ಅನ್ನೋದನ್ನೂ ನೋಡ್ತಾರೆ. ನಮ್ಮ ಗ್ರೂಪಿನ ಪಂಡಿತರಿಗಿಂತ ಅಷ್ಟರ ಮಟ್ಟಿಗೆ ವಾಸಿ.

ಅಷ್ಟೆಲ್ಲ ಅಳೆದೂ ತಪ್ಪುತ್ತೆ. 1995ರಲ್ಲಿ ಟೆರೆಲ್ ಡೇವಿಸ್ ಅನ್ನೋ ರನ್ನಿಂಗ್ ಬ್ಯಾಕ್‌ಗಿಂತ ಮುಂಚೆ 195 ಜನರನ್ನ ಆರಿಸಿದ್ರು. 1998ರಲ್ಲಿ ಅದೇ ಮನುಷ್ಯ ಒಂದೇ ಸೀಸನ್ನಲ್ಲಿ 2,008 ಗಜ ಓಡಿದ. ಇದು ಕಣ್ತಪ್ಪು, ಬಿಡಿ.

ಕಣ್ಣು ಮುಚ್ಕೊಂಡ ಕಥೆ ಒಂದಿದೆ, ಅದನ್ನ ಕೇಳಿ. ಕೆನ್ನಿ ವಾಷಿಂಗ್ಟನ್, ಲಾಸ್ ಏಂಜಲಿಸ್‌ನ ಕರಿಯ ಹುಡುಗ. 1939ರಲ್ಲಿ ಓಟ, ಎಸೆತ ಎರಡೂ ಸೇರಿ ಇಡೀ ದೇಶದ ಕಾಲೇಜು ಆಟಗಾರರಲ್ಲಿ ಅತಿ ಹೆಚ್ಚು ಗಜ ಗಳಿಸಿದವನು ಅವನೇ. 1940ರ ಡ್ರಾಫ್ಟ್‌ನಲ್ಲಿ ಒಂದೇ ಒಂದು ತಂಡ ಅವನ ಹೆಸರು ಎತ್ತಲಿಲ್ಲ. ಯಾಕೆ? ಆ ಲೀಗಲ್ಲಿ 1934ರಿಂದ ಒಬ್ಬ ಕರಿಯನನ್ನೂ ಆಡಿಸ್ತಿರಲಿಲ್ಲ. ಅಂಥ ನಿಯಮ ಎಲ್ಲೂ ಬರೆದಿರಲಿಲ್ಲ. ಬರೆಯದ ನಿಯಮದ ರುಚಿ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಹೇಳಿ?

ಬಾಗಿಲು ತೆರೆದದ್ದು ಹೇಗೆ ಗೊತ್ತಾ? 1946ರಲ್ಲಿ ರಾಮ್ಸ್ ಅನ್ನೋ ತಂಡ ಲಾಸ್ ಏಂಜಲಿಸ್‌ಗೆ ಬಂದು ಅಲ್ಲಿನ ಸಾರ್ವಜನಿಕ ಕ್ರೀಡಾಂಗಣ ಕೇಳಿತು. ಕರಿಯ ಪತ್ರಕರ್ತರು ಸಭೆಗೆ ನುಗ್ಗಿ ಕೇಳಿದ್ರು: ಇದು ಜನರ ದುಡ್ಡಿನ ಮೈದಾನ, ನಮ್ಮ ತೆರಿಗೆಯೂ ಇದೆ, ನಮ್ಮವರನ್ನ ಹೊರಗಿಡೋ ತಂಡಕ್ಕೆ ಹೇಗೆ ಕೊಡ್ತೀರಿ? ತಂಡ ಕೆನ್ನಿಯನ್ನ ಸೇರಿಸ್ಕೊಂಡಿತು. ಅಷ್ಟೊತ್ತಿಗೆ ಮೊಣಕಾಲು ಹಾಳಾಗಿತ್ತು. ಆದ್ರೂ ಮೂರು ಸೀಸನ್ನಲ್ಲಿ 140 ಸಲ ಚೆಂಡು ಹಿಡಿದು 859 ಗಜ ಓಡಿದ. ಒಂದು ಸಲಕ್ಕೆ ಆರು ಗಜದ ಮೇಲೆ. 1947ರಲ್ಲಿ ಒಂದೇ ಓಟಕ್ಕೆ 92 ಗಜ. ಕಾಲು ಗಟ್ಟಿ ಇದ್ದ ಆರು ವರ್ಷದ ಲೆಕ್ಕ ಯಾರು ಕೊಡ್ತಾರೆ?

ಅಮೆರಿಕ ದೂರ ಆಯ್ತು ಅಂತೀರಾ? ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಲೂ ನಮ್ಮವರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ತೆಗೆದ ಸ್ಪಿನ್ನರ್. ಪುಣೆಯ ಮೈದಾನದಲ್ಲಿ ಅವರ ಕೈಯ ಚೆಂಡು ಎಲ್ಲರಿಗೂ ಬೇಕಿತ್ತು, ಚಹಾ ಮಾತ್ರ ಹೊರಗೆ, ಬೇರೆ ಮಣ್ಣಿನ ಲೋಟದಲ್ಲಿ. ಹಿಂದೂ ತಂಡದ ನಾಯಕತ್ವ ಅವರಿಗೆ ಕೊಡಲೇ ಇಲ್ಲ. ತಮ್ಮ ವಿಠ್ಠಲ್‌ಗೆ ಅದು ಸಿಗೋಷ್ಟರಲ್ಲಿ 1923 ಆಗಿತ್ತು. ವಿಕೆಟ್ ಎಣಿಸೋವಾಗ ಬಾಲೂ, ನಾಯಕನನ್ನ ಆರಿಸೋವಾಗ ಬೇರೆಯವರು. "ಮೆರಿಟ್" ಅಂತ ಬಾಯಿ ತುಂಬ ಹೇಳ್ತೀರಲ್ಲ, ಬಾಲೂ ಮೆರಿಟ್ ಎಲ್ಲಿಗೆ ಹೋಗಿತ್ತು?

ಈಗ ನನ್ನನ್ನ ಕೇಳಿ, ಇಬ್ಬರಲ್ಲಿ ಯಾರು ಒಳ್ಳೆ ರೈಡರ್? ನೋಡಿದ್ದನ್ನೇ ಹೇಳ್ತೀನಿ, ಜಾತಿ ಕಟ್ಟಿಕೊಂಡು ಹೇಳಲ್ಲ.

ಊರ ಹುಡುಗನ ಬೋನಸ್ ಬಹಳ ಚೆಂದ. ಓಡ್ತಾ ಓಡ್ತಾ ಕೈ ಚಾಚಿ ಮುಟ್ಟೋದು ನೋಡೋಕೆ ಎರಡು ಕಣ್ಣು ಸಾಲದು. ಎದುರಿನವರು ಮೂರ್ನಾಲ್ಕು ಜನಕ್ಕೆ ಇಳಿದಾಗ ಮಾತ್ರ ತಡವರಿಸ್ತಾನೆ, ಯಾಕಂದ್ರೆ ಆಗ ಬೋನಸ್ ಇಲ್ಲ, ಮುಟ್ಟಿಯೇ ಬರಬೇಕು. ನಮ್ಮ ಹುಡುಗ ಬೋನಸ್ ಕಲಿತೇ ಇಲ್ಲ, ಅದು ದೊಡ್ಡ ಕೊರತೆ. ಎಡಗಡೆಗೆ ಹೆಚ್ಚು ವಾಲ್ತಾನೆ, ಬುದ್ಧಿವಂತ ಕಾರ್ನರ್ ಆಟಗಾರ ಎರಡು ರೈಡಲ್ಲಿ ಹಿಡಿದುಬಿಡ್ತಾನೆ. ಆದ್ರೆ ಕಣಕಾಲು ಸಿಕ್ಕ ಮೇಲೂ ಕಿತ್ಕೊಂಡು ಬರೋ ಶಕ್ತಿ, ಸರಪಳಿ ಕಟ್ಟಿ ಬಂದವರ ಕೈ ಕೆಳಗೆ ಡುಬ್ಕಿ ಹೊಡೆದು ನುಸುಳೋ ಧೈರ್ಯ, ಅದನ್ನ ಯಾವ ಕೋಚೂ ಕಲಿಸೋಕಾಗಲ್ಲ. ಬೋನಸ್ ಕಲಿಸಬಹುದು. ಆರು ತಿಂಗಳು ಮ್ಯಾಟ್ ಮೇಲೆ ಬಿಟ್ರೆ ಕಲೀತಾನೆ. ಇವನು ಮ್ಯಾಟ್ ತುಳಿದದ್ದೇ ಆ ಟೂರ್ನಿಯಲ್ಲಿ ಮೊದಲ ಸಲ, ಅಲ್ಲಿಯವರೆಗೂ ಮಣ್ಣು. ಅವನು ಕಾಲಿಗೆ ಹಾಕಿದ್ದ ಶೂ ಯಾರದು ಗೊತ್ತಾ? ಆ ಊರ ಹುಡುಗನದೇ ಹಳೇ ಜೊತೆ. ಒಂದು ಸೈಜ್ ದೊಡ್ಡದು, ಒಳಗೆ ಬಟ್ಟೆ ತುರುಕ್ಕೊಂಡು ಆಡಿದ.

ಅದಕ್ಕೇ ಹೇಳ್ತಿದೀನಿ, ನನ್ನ ಜಗಳ ಆ ಹುಡುಗನ ಜೊತೆ ಅಲ್ಲ. ಅವನು ಶೂ ಕೊಟ್ಟ. ನೀವು ದೊಡ್ಡವರು, ರೈಡೂ ಕೊಡಲಿಲ್ಲ.

ಒಂದು ಟೂರ್ನಿ ಜಗಳಕ್ಕೆ ಇಷ್ಟು ದೊಡ್ಡ ಪೋಸ್ಟ್ ಯಾಕೆ ಅಂತೀರಾ? 2023, 2024ರ ಪ್ರೊ ಕಬಡ್ಡಿ ಹರಾಜಲ್ಲಿ ಎಲ್ಲಕ್ಕಿಂತ ಕೆಳಗಿನ ಡಿ ವರ್ಗದ ಮೂಲ ಬೆಲೆಯೇ 9 ಲಕ್ಷ. ಹೂವು ಬಿಡಿಸೋ ತಾಯಿಗೆ 9 ಲಕ್ಷ ಅಂದ್ರೆ ಏನು ಅಂತ ಯೋಚನೆ ಮಾಡಿ. ಸೋರದ ಮನೆ, ತಂಗಿಯ ಓದು, ತೀರಿದ ಸಾಲ. ಲೀಗ್‌ವರೆಗೆ ಹೋಗದಿದ್ರೂ, ಒಳ್ಳೆ ಆಟಗಾರನಿಗೆ ಕ್ರೀಡಾ ಕೋಟಾದಲ್ಲಿ ಪೊಲೀಸು, ರೈಲ್ವೆ ಕೆಲಸದ ದಾರಿ ಇದೆ. ಆ ದಾರಿ ಶುರುವಾಗೋದೇ ಇಂಥ ಟೂರ್ನಿಗಳಲ್ಲಿ, ನಿಮ್ಮ ಬಾಯಿಮಾತಿನಲ್ಲಿ. "ಶಿಸ್ತಿಲ್ಲ" ಅಂತ ನೀವು ಸುಮ್ಮನೆ ಬರೆದದ್ದು ಆಯ್ಕೆ ಮಾಡೋರ ಕಿವಿಗೆ ಹೋಗುತ್ತೆ, ಒಂದು ಮನೆಯ ದೀಪ ಆರುತ್ತೆ.

ಹಂಗಾಗಿ ಮೂರು ಮಾತು ಕೇಳ್ತೀನಿ.

ಒಂದು. ಟೂರ್ನಿ ನಡೆಸೋದು ಸರ್ಕಾರಿ ಶಾಲೆ ಮೈದಾನದಲ್ಲಿ, ಲೈಟು ಪಂಚಾಯ್ತಿದು. ಲಾಸ್ ಏಂಜಲಿಸ್‌ನವರು ಕೇಳಿದ ಪ್ರಶ್ನೆಯನ್ನೇ ಇಲ್ಲೂ ಕೇಳ್ತೀವಿ. ಜನರ ಮೈದಾನ ಬೇಕು ಅಂದ್ರೆ ಆಯ್ಕೆ ಬಹಿರಂಗವಾಗಿ ನಡೀಬೇಕು. ದಿನಾಂಕ ಮೊದಲೇ ಹೇಳಿ, ಕಾಲೋನಿಯಲ್ಲೂ ತಮಟೆ ಹೊಡೆಸಿ.

ಎರಡು. ಟ್ರಯಲ್ಸ್‌ನಲ್ಲಿ ಪ್ರತಿ ರೈಡರ್‌ಗೂ ಸಮ ಸಂಖ್ಯೆಯ ರೈಡ್ ಕೊಡಿ. ಏಳು ಜನರ ಎದುರು ಇಷ್ಟು, ಮೂರು ಜನರ ಎದುರು ಇಷ್ಟು, ಮಾಡು ಇಲ್ಲವೇ ಮಡಿ ಇಷ್ಟು. ಬರೆದಿಟ್ಟು ಗೋಡೆಗೆ ಅಂಟಿಸಿ. ಬರೆಯೋಕೆ ಆಳಿಲ್ಲ ಅಂದ್ರೆ ನಾನು ಬರ್ತೀನಿ, ಪೆನ್ನು ನಂದೇ.

ಮೂರು. ಪರಿಶಿಷ್ಟ ಜಾತಿ ಉಪಯೋಜನೆ, ಗಿರಿಜನ ಉಪಯೋಜನೆಗೆ 2013ರಲ್ಲೇ ಕಾಯ್ದೆ ಆಗಿದೆ. ನಮ್ಮ ಪಾಲಿನ ಆ ದುಡ್ಡಲ್ಲಿ ಹಾಸ್ಟೆಲ್ ಮಕ್ಕಳಿಗೆ ಒಂದು ಕಬಡ್ಡಿ ಮ್ಯಾಟ್, ಒಬ್ಬ ತರಬೇತುದಾರ, ಆಡೋ ಮಕ್ಕಳಿಗೆ ಹೆಚ್ಚುವರಿ ಮೊಟ್ಟೆ ಕೊಡಿ ಅಂತ ಅರ್ಜಿ ಬರೀತಿದೀನಿ. ಸಹಿ ಹಾಕೋರು ಇನ್‌ಬಾಕ್ಸ್‌ಗೆ ಬನ್ನಿ. ಊರಿನವರ ಸಹಿಯೂ ಬೇಕು. ಶೂ ಕೊಟ್ಟ ಹುಡುಗನ ಸಹಿ ಮೊದಲನೇದು ಆಗಲಿ ಅಂತ ನನ್ನಾಸೆ.

ಇಷ್ಟೆಲ್ಲ ಆದ ಮೇಲೆ ಇಬ್ಬರ ಫೋಟೋನೂ ಅಕ್ಕಪಕ್ಕ ಹಾಕಿ, ಯಾರು ಮೇಲು ಅಂತ ಕೇಳಿ. ಆಗ ಊರ ಹುಡುಗನೇ ಗೆದ್ದರೆ ಮೊದಲ ಶಿಳ್ಳೆ ನಂದೇ.

ಅಲ್ಲಿಯವರೆಗೆ ದಯವಿಟ್ಟು "ಬಾಡಿ ಇಲ್ಲ", "ಶಿಸ್ತಿಲ್ಲ" ಅನ್ನೋ ಮಾತು ಬಾಯಿಂದ ಬರೋ ಮುಂಚೆ ಒಂದು ಪ್ರಶ್ನೆ ಕೇಳ್ಕೊಳ್ಳಿ: ನಾವು ಅವನಿಗೆ ಎಷ್ಟು ರೈಡ್ ಕೊಟ್ವಿ?

ಜೈ ಭೀಮ್. ಜೈ ಸಂವಿಧಾನ.