ತಂತಿ ಹೋದರೂ ಹೊಣೆ ಹೋಗದು

ಮುಂಬೈ, ಪುಣೆಗಳ ಹಳೆ ಹೌಸಿಂಗ್ ಸೊಸೈಟಿಗಳ ವಾರ್ಷಿಕ ಸಭೆಯಲ್ಲಿ ಫೈರ್ ಅಲಾರಂ ವಿಷಯ ಬಂದರೆ ಮಾತು ಬೇಗನೆ ಗೋಡೆಯ ಕಡೆ ತಿರುಗುತ್ತದೆ. ಮೆಟ್ಟಿಲ ಸಾಲಿಗೆ ಹೋದ ವರ್ಷವಷ್ಟೇ ಬಣ್ಣ ಹೊಡೆಸಿದೆ, ಮತ್ತೆ ಡ್ರಿಲ್ ಹಿಡಿದು ಬರುವವರನ್ನು ಯಾರು ಒಪ್ಪುತ್ತಾರೆ? ಆಗ ಕಂಪನಿಯ ಪ್ರತಿನಿಧಿ ವೈರ್‌ಲೆಸ್ ಹಾಕೋಣ ಎನ್ನುತ್ತಾನೆ. ತಂತಿ ಎಳೆಯುವುದಿಲ್ಲ, ಗೋಡೆ ಕೊರೆಯುವುದಿಲ್ಲ. ಸಭೆಗೆ ಸಮಾಧಾನ, ಠರಾವು ಪಾಸ್.

ಈ ಆಯ್ಕೆಯಲ್ಲಿ ತಪ್ಪಿಲ್ಲ. ಜನ ವಾಸವಿರುವ ಹಳೆ ಕಟ್ಟಡಕ್ಕೆ ವೈರ್‌ಲೆಸ್ ಎಷ್ಟೋ ಸಲ ಒಳ್ಳೆಯ ದಾರಿ. ತೊಂದರೆ ಶುರುವಾಗುವುದು, ತಂತಿಯ ಜೊತೆಗೆ ತಂತಿ ಮಾಡುತ್ತಿದ್ದ ಕೆಲಸವೂ ಬೇಡವಾಯಿತು ಎಂದು ಸೊಸೈಟಿ ತಿಳಿದಾಗ.

ತಂತಿ ಡಿಟೆಕ್ಟರ್‌ಗೆ ಕರೆಂಟ್ ಒಯ್ಯುತ್ತದೆ, ಡಿಟೆಕ್ಟರ್ ಕಂಡದ್ದನ್ನು ಪ್ಯಾನೆಲ್‌ಗೆ ತಿಳಿಸುತ್ತದೆ. ಇಲಿ ಕಡಿದು ತುಂಡಾದರೆ ಪ್ಯಾನೆಲ್ ಮೇಲೆ ಫಾಲ್ಟ್ ದೀಪ ಹತ್ತುತ್ತದೆ. ಅಡ್ರೆಸಬಲ್ ವ್ಯವಸ್ಥೆಯಲ್ಲಿ ತಂತಿ ಪ್ಯಾನೆಲ್‌ನಿಂದ ಹೊರಟು ಸುತ್ತು ಹಾಕಿ ಪ್ಯಾನೆಲ್‌ಗೇ ಮರಳುತ್ತದೆ. ಹಾಗಾಗಿ ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯುತ್ತದೆ. ವೈರ್‌ಲೆಸ್‌ನಲ್ಲಿ ಕರೆಂಟಿನ ಕೆಲಸ ಬ್ಯಾಟರಿಗೆ ಹೋಗುತ್ತದೆ, ಸುದ್ದಿ ಮುಟ್ಟಿಸುವ ಕೆಲಸ ರೇಡಿಯೊಗೆ. ಲೂಪ್‌ನಲ್ಲಿ ಕೂರಿಸಿದ ಇಂಟರ್‌ಫೇಸ್ ಪೆಟ್ಟಿಗೆಯೊಂದು ರೇಡಿಯೊದ ಮಾತನ್ನು ಪ್ಯಾನೆಲ್‌ಗೆ ತಿಳಿಯುವಂತೆ ಮಾಡುತ್ತದೆ. ಆ ಪೆಟ್ಟಿಗೆ ಹಳೆಯ ಪ್ಯಾನೆಲ್‌ಗೆ ಹೊಂದುತ್ತದೆಯೇ ಎಂಬುದು ಕಮಿಟಿ ಕೇಳಬೇಕಾದ ಮೊದಲ ಪ್ರಶ್ನೆ.

ಎರಡನೆಯದು ಸರ್ವೆ. ದಪ್ಪ ಗೋಡೆ, ಲಿಫ್ಟ್ ಶಾಫ್ಟ್, ಕಬ್ಬಿಣದ ಜಾಲರಿ, ನೀರಿನ ಟ್ಯಾಂಕ್ ಇವೆಲ್ಲ ಸಿಗ್ನಲ್ ತಿನ್ನುತ್ತವೆ. ಖಾಲಿ ಫ್ಲಾಟಿನಲ್ಲಿ ಚೆನ್ನಾಗಿ ಸಿಕ್ಕ ಸಿಗ್ನಲ್, ಬಾಡಿಗೆಯವರು ಬಂದು ಅಡ್ಡಕ್ಕೆ ಉಕ್ಕಿನ ಕಪಾಟು ಇಟ್ಟ ಮೇಲೆ ಕುಂದಬಹುದು. ಮೀಟರ್ ಹಿಡಿದು ಪ್ರತಿ ಮಹಡಿಯಲ್ಲೂ ಸಿಗ್ನಲ್ ಅಳೆಯದೆ, ನಕ್ಷೆ ನೋಡಿಯೇ ದರ ಬರೆದುಕೊಡುವವರನ್ನು ಅಲ್ಲಿಂದಲೇ ಕಳಿಸಬೇಕು. ವೈರ್‌ಲೆಸ್ ಡಿಟೆಕ್ಟರ್‌ಗಳಿಗೆ ಇಎನ್ 54-25 ಎಂಬ ಯುರೋಪಿನ ಮಾನದಂಡವಿದೆ. ಸಂಪರ್ಕ ಕಡಿದರೂ ಬ್ಯಾಟರಿ ಇಳಿದರೂ ಪ್ಯಾನೆಲ್‌ಗೆ ತಿಳಿಯಲೇಬೇಕು ಎಂಬುದು ಅದರ ಬೇಡಿಕೆ. ಮಾರುಕಟ್ಟೆಯ ಅಗ್ಗದ ವೈಫೈ ಡಿಟೆಕ್ಟರ್‌ಗಳಿಂದ ಇದೇ ಭರವಸೆ ಸಿಗುತ್ತದೆ ಎಂದುಕೊಳ್ಳುವಂತಿಲ್ಲ. ರಾತ್ರಿ ಎರಡು ಗಂಟೆಗೆ ಸೈಲೆಂಟ್‌ನಲ್ಲಿರುವ ಫೋನಿಗೆ ಬಂದ ನೋಟಿಫಿಕೇಶನ್ ಯಾರನ್ನೂ ಎಬ್ಬಿಸದು.

ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಅಸಡ್ಡೆಗೆ ಗುರಿಯಾಗುವುದು ಸೈರನ್. ಡಿಟೆಕ್ಟರ್‌ಗಳ ಸಂಖ್ಯೆಗೆ ಚೌಕಾಶಿ ಮಾಡುವ ಕಮಿಟಿ ಸೈರನ್ ಮಹಡಿಗೊಂದು ಸಾಕು ಎಂದುಬಿಡುತ್ತದೆ. ಲೆಕ್ಕ ಹಾಕಿ ನೋಡಬೇಕು. ಮಲಗಿದವರು ಏಳಬೇಕಾದರೆ ದಿಂಬಿನ ಬಳಿ 75 ಡೆಸಿಬೆಲ್ ಸದ್ದು ಇರಬೇಕೆಂಬುದು ಈ ಕ್ಷೇತ್ರದ ರೂಢಿಯ ಅಳತೆ. ಮುಚ್ಚಿದ ಸಾಮಾನ್ಯ ಬಾಗಿಲೊಂದು ಸುಮಾರು 20 ಡೆಸಿಬೆಲ್ ತಗ್ಗಿಸುತ್ತದೆ. ಫ್ಲಾಟಿನ ಮುಂಬಾಗಿಲ ಹೊರಗೆ 90 ಡೆಸಿಬೆಲ್ ಇದ್ದರೆ ಒಳಗೆ 70, ಮಲಗುವ ಕೋಣೆಯ ಬಾಗಿಲನ್ನೂ ದಾಟಿದರೆ 50. ಅದು ಮಾತುಕತೆಯ ಸದ್ದಿಗಿಂತ ಕಡಿಮೆ. ಮೇಲೆ ಫ್ಯಾನ್, ಏಸಿ. ವಯಸ್ಸಾದವರಿಗೆ ಕೀರಲು ಸದ್ದು ಇನ್ನೂ ಕಡಿಮೆ ಕೇಳಿಸುತ್ತದೆ. ಅಮೆರಿಕದ ಎನ್‌ಎಫ್‌ಪಿಎ 72 ಸಂಹಿತೆ ಮಲಗುವ ಜಾಗಗಳಿಗೆ 520 ಹರ್ಟ್ಸ್‌ನ ತಗ್ಗು ದನಿ ಕೇಳುವುದು ಇದಕ್ಕಾಗಿಯೇ. ಮಕ್ಕಳು ಬೇರೆ ಊರಲ್ಲಿದ್ದು ಅಜ್ಜ ಅಜ್ಜಿ ಇಬ್ಬರೇ ಇರುವ ಫ್ಲಾಟುಗಳು ಇಂಥ ಸೊಸೈಟಿಗಳಲ್ಲಿ ಎಷ್ಟಿವೆ ಎಂಬುದು ಅಲ್ಲಿನವರಿಗೆ ಗೊತ್ತು. ತಂತಿ ಬೇಡದ ಸೈರನ್‌ನ ನಿಜವಾದ ಲಾಭವೂ ಇಲ್ಲೇ ಇದೆ. ಅದನ್ನು ಕಾರಿಡಾರ್ ಬಿಟ್ಟು ಫ್ಲಾಟಿನ ಒಳಗೆ, ಮಲಗುವ ಕೋಣೆಯ ಹತ್ತಿರ ಹಾಕಬಹುದು. ಗೋಡೆಯ ಬಣ್ಣ ಉಳಿಯಿತೆಂದು ವೈರ್‌ಲೆಸ್ ತಂದು, ಈ ಲಾಭವನ್ನೇ ಕೈಬಿಟ್ಟರೆ ಏನು ಬಂತು? ಕೂಗುವ ಸೈರನ್ ಬ್ಯಾಟರಿಯನ್ನು ಬೇಗ ಬಳಸುತ್ತದೆ, ನಿಜ. ಆ ಖರ್ಚನ್ನು ವರ್ಷದ ಬಜೆಟ್ಟಿನಲ್ಲಿ ಬರೆದಿಡಬೇಕು.

ಕೊನೆಯದು ಹೆಸರುಗಳ ವಿಷಯ. ಡಿಟೆಕ್ಟರ್ ಕೂಗಿದಾಗ ಪ್ಯಾನೆಲ್ ಪರದೆಯ ಮೇಲೆ ‘ಡಿವೈಸ್ 27, ಝೋನ್ 3’ ಎಂದು ಬಂದರೆ ರಾತ್ರಿ ಪಾಳಿಯ ವಾಚ್‌ಮನ್ ಎಲ್ಲಿಗೆ ಓಡಬೇಕು? ಅವನು ಬಿಹಾರದಿಂದಲೋ ನೇಪಾಳದಿಂದಲೋ ಬಂದು ತಿಂಗಳಾಗಿರಬಹುದು. ಅಡ್ರೆಸಬಲ್ ಪ್ಯಾನೆಲ್‌ಗಳಲ್ಲಿ ಪ್ರತಿ ಡಿಟೆಕ್ಟರ್‌ಗೂ ಹೆಸರು ಬರೆಯಬಹುದು. ‘ಬಿ ವಿಂಗ್, ಮೂರನೇ ಮಹಡಿ, ಮೀಟರ್ ಕೋಣೆ’ ಎಂದು, ಕಟ್ಟಡದವರು ಆ ಜಾಗವನ್ನು ಕರೆಯುವ ಹೆಸರೇ ಅಲ್ಲಿರಬೇಕು. ಪಕ್ಕದ ಗೋಡೆಯಲ್ಲಿ ಅದೇ ಪಟ್ಟಿ ವಾಚ್‌ಮನ್ ಓದಬಲ್ಲ ಭಾಷೆಯಲ್ಲಿ ತೂಗಬೇಕು. ಇದಕ್ಕೆ ಒಂದು ಮಧ್ಯಾಹ್ನ ಸಾಕು. ಆದರೆ ಬಿಲ್ಲಿನಲ್ಲಿ ಇದಕ್ಕೊಂದು ಸಾಲು ಇರುವುದಿಲ್ಲ, ಹಾಗಾಗಿ ಯಾರೂ ಮಾಡುವುದಿಲ್ಲ.

ಇಷ್ಟು ಚಿಕ್ಕ ಕಟ್ಟಡಕ್ಕೆ ಇಷ್ಟೆಲ್ಲ ಬೇಕೇ ಎಂಬ ಮಾತು ಬರುತ್ತದೆ. ಮೇಂಟೆನೆನ್ಸ್ ಹೆಚ್ಚಾದರೆ ಪಿಂಚಣಿಯಲ್ಲಿ ಬದುಕುವವರಿಗೆ ಹೊರೆಯೇ. ಹಾಗಿದ್ದರೆ ಕೆಲಸವನ್ನು ಹಂತ ಹಂತವಾಗಿ ಮಾಡಲಿ. ಮೊದಲು ಮೀಟರ್ ಕೋಣೆ ಮತ್ತು ಮೆಟ್ಟಿಲು, ಆಮೇಲೆ ವಯಸ್ಸಾದವರ ಫ್ಲಾಟುಗಳು. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರುವರಿ 23ರಂದು ಒಂಬತ್ತು ಜನ ಸತ್ತರು. ಅಲ್ಲಿ ಜನರನ್ನು ಕಿಟಕಿಯಿಂದ ಜಿಗಿಯುವಂತೆ ಮಾಡಿದ್ದು ಮಹಡಿಗಳಲ್ಲಿ ತುಂಬಿದ ಹೊಗೆ. ಹೊಗೆ ತುಂಬುವ ಮುನ್ನ ಸಿಗುವ ಕೆಲವು ನಿಮಿಷಗಳಿಗಾಗಿಯೇ ಈ ಎಲ್ಲ ಖರ್ಚು.

ಮಹಾರಾಷ್ಟ್ರದ 2006ರ ಅಗ್ನಿಸುರಕ್ಷಾ ಕಾಯ್ದೆಯಂತೆ ಕಟ್ಟಡದವರು ವರ್ಷಕ್ಕೆರಡು ಸಲ, ಜನವರಿ ಮತ್ತು ಜುಲೈನಲ್ಲಿ, ವ್ಯವಸ್ಥೆ ಸುಸ್ಥಿತಿಯಲ್ಲಿದೆ ಎಂದು ಪರವಾನಗಿ ಪಡೆದ ಏಜೆನ್ಸಿಯ ಪ್ರಮಾಣಪತ್ರ ಸಲ್ಲಿಸಬೇಕು. ಕಾಗದಕ್ಕೆ ಸಹಿ ಬೀಳುವ ದಿನವೇ ಕಮಿಟಿ ಒಮ್ಮೆ ಸೈರನ್ ಕೂಗಿಸಲಿ. ಆಗ ಸೆಕ್ರೆಟರಿ ಪ್ಯಾನೆಲ್ ಮುಂದೆ ನಿಲ್ಲುವುದು ಬೇಡ. ಮೇಲಿನ ಮಹಡಿಯ ಅಜ್ಜಿಯ ಕೋಣೆಯಲ್ಲಿ, ಬಾಗಿಲು ಮುಚ್ಚಿ, ಫ್ಯಾನ್ ಹಾಕಿ ಕುಳಿತಿರಲಿ. ಅಲ್ಲಿ ಕೇಳಿಸಿದರೆ ಸಹಿ ಹಾಕಲಿ.