ಫೋಟೊದ ತಾರೀಕು ಅಳಿಸಬ್ಯಾಡ್ರಿ

ನಮ್ಮ ಭೂತನಾಳ ಕೆರೆ ತುಂಬಿದರೂ ಸುದ್ದಿ, ಬತ್ತಿದರೂ ಸುದ್ದಿ. ಬೇಸಿಗೆ ಬಂತೆಂದರೆ ಸಾಕು, ಬಿರುಕುಬಿಟ್ಟ ಕೆರೆಯಂಗಳದ ಫೋಟೊಗಳು ಮೊಬೈಲ್‌ನಿಂದ ಮೊಬೈಲ್‌ಗೆ ಓಡಾಡುತ್ತವೆ. ಇದು ಯಾವ ಕೆರೆ, ಯಾವ ವರ್ಷದ್ದು ಅಂತ ಕೇಳಿ ನೋಡಿ. "ಗೊತ್ತಿಲ್ರೀ, ಗ್ರೂಪಿನ್ಯಾಗ ಬಂದಿತ್ತು" ಅನ್ನುವುದೇ ಉತ್ತರ.

ಕ್ಯಾಮೆರಾ ಮಾತ್ರ ತನ್ನ ಕೆಲಸ ಸರಿಯಾಗಿ ಮಾಡಿರುತ್ತದೆ. 1995ರಲ್ಲಿ ಜಪಾನಿನಲ್ಲಿ ರೂಪುಗೊಂಡ ಎಕ್ಸಿಫ್ ಪದ್ಧತಿಯಂತೆ, ತೆಗೆದ ದಿನ ಮತ್ತು ಸಮಯ ಫೋಟೊದ ಫೈಲಿನೊಳಗೇ ದಾಖಲಾಗುತ್ತದೆ. ಅದು ಕಳೆದುಹೋಗುವುದು ಆಮೇಲೆ. ಫೋಟೊ ಜೋಡಿಸಿಡುವ ಸಾಫ್ಟ್‌ವೇರ್‌ನಿಂದ ಎಡಿಟ್ ಮಾಡುವ ಸಾಫ್ಟ್‌ವೇರ್‌ಗೆ, ಅಲ್ಲಿಂದ ವಾಟ್ಸಾಪ್‌ಗೆ ಹೋಗುವ ದಾರಿಯಲ್ಲಿ.

ಪಿಕಾಸಾ ನೆನಪಿದೆಯೇ? ಪುಕ್ಕಟೆ ಸಿಗುತ್ತಿತ್ತು, ಎಷ್ಟೋ ಮನೆಗಳ ಕಂಪ್ಯೂಟರ್‌ನಲ್ಲಿತ್ತು. ಅದರಲ್ಲಿ ಮಾಡಿದ ತಿದ್ದುಪಡಿ, ಸೇವ್ ಮಾಡುವವರೆಗೆ, ಪಕ್ಕದ ಸಣ್ಣ ಫೈಲೊಂದರಲ್ಲಿ ಕೂತಿರುತ್ತಿತ್ತು. ಬೇರೆ ಸಾಫ್ಟ್‌ವೇರ್‌ನಲ್ಲಿ ತೆರೆದರೆ ಹಳೆಯ ಫೋಟೊವೇ ಕಾಣುತ್ತಿತ್ತು. 2016ರಲ್ಲಿ ಗೂಗಲ್ ಅದನ್ನು ಕೈಬಿಟ್ಟಿತು. ಲೈಟ್‌ರೂಮ್‌ನದೂ ಇದೇ ಕಥೆ: ತಿದ್ದಿದ್ದೆಲ್ಲ ಅದರ ಕ್ಯಾಟಲಾಗ್‌ನಲ್ಲಿ. ಫೋಲ್ಡರ್ ಜಾಗ ಬದಲಿಸಿದರೆ ಅದಕ್ಕೆ ಫೋಟೊ ಸಿಗುವುದೇ ಇಲ್ಲ. ಫೋಟೊಶಾಪ್‌ನ 'ಸೇವ್ ಫಾರ್ ವೆಬ್' ಒತ್ತಿದರೆ, ಆಯ್ಕೆ ಬದಲಿಸದ ಹೊರತು, ಹೊಸ ಪ್ರತಿಗೆ ತೆಗೆದ ತಾರೀಕು ಬರುವುದಿಲ್ಲ. ಅಳಿದುಳಿದದ್ದನ್ನು ವಾಟ್ಸಾಪ್ ಕಿತ್ತುಹಾಕುತ್ತದೆ.

ಕನ್ನಡಿಗರ ಪಾಲಿಗೆ ಇನ್ನೊಂದು ಪೆಟ್ಟು ಇದೆ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಫೋಟೊ ವಿವರ, ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತದೆ. ಊರ ಹೆಸರೂ ಹೋಯಿತು, ತೆಗೆದವರ ಹೆಸರೂ ಹೋಯಿತು. ಯುನಿಕೋಡ್‌ನಲ್ಲಿ ಬರೆದಿದ್ದರೆ ಉಳಿಯುತ್ತಿತ್ತು.

"ಫೋಟೊ ಚಂದ ಬಂದ್ರ ಸಾಕು, ತಾರೀಕು ಯಾರು ನೋಡ್ತಾರ?" ಅನ್ನುವವರಿದ್ದಾರೆ. ರೈತ ನೋಡುತ್ತಾನೆ. ಫಸಲ್ ಬಿಮಾದಲ್ಲಿ ಆಲಿಕಲ್ಲಿನಿಂದಾದ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ತಿಕೋಟಾ, ಬಬಲೇಶ್ವರ ಕಡೆಯ ರೈತನೊಬ್ಬ ಹಾಳಾದ ಹೊಲದ ಫೋಟೊ ಹಿಡಿದು ನಿಂತಾಗ "ಇದು ಹೋದ ವರ್ಷದ್ದು" ಎಂದು ಯಾರಾದರೂ ಅಂದರೆ, ತಾರೀಕು ಅಳಿದ ಫೋಟೊ ಅವನ ಪರ ಏನು ಹೇಳೀತು? ಕೆರೆ ಒತ್ತುವರಿ, ಕಳಪೆ ರಸ್ತೆ, ಬಾರದ ಟ್ಯಾಂಕರ್ ಎಲ್ಲಕ್ಕೂ ಇದೇ ಮಾತು.

ಸ್ಟುಡಿಯೋದವರು, ಪತ್ರಿಕೆಯ ಡೆಸ್ಕಿನವರು ಇನ್ನಾದರೂ ಕೇಳಲಿ: ಅಂದ ಹೆಚ್ಚಿಸುವುದು ನಿಮ್ಮ ಕಸುಬು, ದಾಖಲೆ ಅಳಿಸುವ ಹಕ್ಕು ನಿಮಗಿಲ್ಲ. ಮೂಲ ಫೈಲನ್ನು ಮುಟ್ಟಬೇಡಿ, ನಕಲನ್ನು ತಿದ್ದಿ. ಊರು, ದಿನ, ತೆಗೆದವರ ಹೆಸರನ್ನು ಯುನಿಕೋಡ್‌ನಲ್ಲಿ ಫೋಟೊದೊಳಗೇ ಬರೆಯಿರಿ. ವಿಂಡೋಸ್‌ನಲ್ಲಿ ಫೋಟೊದ ಪ್ರಾಪರ್ಟೀಸ್ ತೆರೆದು ಡೀಟೇಲ್ಸ್‌ಗೆ ಹೋದರೆ ಆಯಿತು. ಇನ್ನೂ ಹೆಚ್ಚು ಬೇಕೆಂದರೆ ಡಿಜಿಕ್ಯಾಮ್ ಪುಕ್ಕಟೆ ಸಿಗುತ್ತದೆ.

ಓದುಗರೇ, ನಿಮ್ಮದೂ ಒಂದು ಕೆಲಸವಿದೆ. ಸಾಕ್ಷಿಯಾಗುವ ಫೋಟೊವನ್ನು ವಾಟ್ಸಾಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಎಂದೇ ಕಳಿಸಿ, ಮೂಲ ಫೈಲ್ ಇದ್ದ ಹಾಗೇ ಹೋಗುತ್ತದೆ. ಮೊಬೈಲ್‌ನಲ್ಲಿರುವ ಮೂಲವನ್ನು ಅಳಿಸಬೇಡಿ. ಸಾಫ್ಟ್‌ವೇರ್ ಇಂದು ಇರುತ್ತದೆ, ನಾಳೆ ಕಂಪನಿ ಬಾಗಿಲು ಹಾಕುತ್ತದೆ. ಫೋಟೊದ ಮಾತು ಫೋಟೊದೊಳಗೇ ಇರಲಿ.